ಆರ್ಡರ್ ಓದಿದ ರಾತ್ರಿ

2021ರ ನವೆಂಬರ್ ಮಳೆಯನ್ನು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರು ಮರೆಯಲಾರರು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಕಾಣದ ಸೀಮೆ ಇದು. ಆ ವರ್ಷ, ನಮ್ಮ ಮಕ್ಕಳು ತುಂಬಿದ್ದನ್ನೇ ಕಂಡಿರದ ಕೆರೆಗಳೂ ಕೋಡಿ ಹರಿದವು. ಅಂಥ ಒಂದು ರಾತ್ರಿ, ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಮನೆ ಬಾಗಿಲು ಬಡಿದವಳ ಕಥೆ ಇದು. ಅವಳ ಹೆಸರು ಬೇಡ, ಊರಿನ ಹೆಸರೂ ಬೇಡ. ನಾನು ಆಗ ಅಲ್ಲಿನ ಅಂಗನವಾಡಿಯಲ್ಲಿದ್ದೆ. ಅವಳ ಮಗು ನನ್ನ ಹತ್ತಿರ ಬರುತ್ತಿತ್ತು. ನನ್ನನ್ನು ಟೀಚರಕ್ಕ ಅನ್ನುತ್ತಿದ್ದಳು.

"ಗೂಡು ಮಾರಿದ ದುಡ್ಡಲ್ಲಿ ಮಗೂಗೆ ಎರಡು ಜೊತೆ ಬಟ್ಟೆ ತಗೊಳ್ಳೋಣ ಅಂದೆ ಟೀಚರಕ್ಕ. ಅಷ್ಟೇ ನಾನು ಕೇಳಿದ್ದು."

ರೇಷ್ಮೆ ಹುಳು ಸಾಕುವ ಮನೆಯ ಹೆಂಗಸಿನ ಪಾಡು ಗೊತ್ತಿದ್ದವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಅನ್ನದೆ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಅಷ್ಟೆಲ್ಲ ಮಾಡಿದವಳು ಅವಳು. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವಾಗ ಜೊತೆಗೆ ಹೋಗುವವನು ಗಂಡ. ದುಡ್ಡು ಅವನ ಜೇಬಿಗೆ, ಅಲ್ಲಿಂದ ಬಾರಿಗೆ. ಬೆಳೆ ಇಲ್ಲದ ದಿನಗಳಲ್ಲಿ ಅವಳು ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಲ್ಲಿ ಬಿಸಿನೀರಿಗೆ ಕೈಯಿಟ್ಟು ದುಡಿದ ವಾರದ ಬಟವಾಡೆಯೂ ಅಲ್ಲಿಗೇ. ಆ ರಾತ್ರಿ ಅವನು ಕೈಗೆ ಸಿಕ್ಕಿದ್ದರಲ್ಲಿ ಹೊಡೆದು, "ಇದು ನಮ್ಮಪ್ಪನ ಮನೆ, ಆಚೆ ನಡಿ" ಎಂದು ಕದ ಹಾಕಿಕೊಂಡಿದ್ದ. ಬಲಗೈ ಊದಿಕೊಂಡಿತ್ತು.

ತವರು ಗೌರಿಬಿದನೂರಿನ ಆಚೆ, ವಿದುರಾಶ್ವತ್ಥದ ಕಡೆ. ಅಪ್ಪನಿಗೆ ಫೋನ್ ಮಾಡಿದಾಗ ಬಂದ ಉತ್ತರ ನೀವೂ ಊಹಿಸಬಲ್ಲಿರಿ: ಹೊಂದಿಕೊಂಡು ಹೋಗಮ್ಮ, ನಾವು ಬಂದು ನಾಲ್ಕು ಜನರಲ್ಲಿ ಬುದ್ಧಿ ಹೇಳ್ತೀವಿ. ಬುದ್ಧಿ ಹೇಳುವ ಪಂಚಾಯ್ತಿ ಹಿಂದೆಯೂ ಆಗಿತ್ತು. ಪ್ರತಿ ಪಂಚಾಯ್ತಿಯ ಮಾರನೆಯ ವಾರ ಏಟು ಇನ್ನೂ ಜೋರಾಗುತ್ತಿತ್ತು. ಕೊನೆಗೆ ಅವಳನ್ನು ಕರೆದುಕೊಂಡು ಹೋದವಳು ಅಕ್ಕ, ಚಿಂತಾಮಣಿ ತಾಲ್ಲೂಕಿನ ಕೈವಾರದ ಕಡೆ ಕೊಟ್ಟಿದ್ದವಳು. ಮೊದಲು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿ ಕೈಗೆ ಕಟ್ಟು ಹಾಕಿಸಿದೆವು. ಏಟು ಹೇಗಾಯಿತು ಅಂತ ಡಾಕ್ಟರ್ ಕೇಳಿದಾಗ ಅವಳು ಬಚ್ಚಲಲ್ಲಿ ಜಾರಿದೆ ಅನ್ನಲಿದ್ದಳು. ಅಕ್ಕ ಅವಳ ಭುಜ ಹಿಡಿದು "ನಿಜ ಹೇಳು" ಅಂದಳು. ನಿಜ ಹೇಳಿದಳು. ಡಾಕ್ಟರ್ ಅದನ್ನೇ ಬರೆದರು. ಮುಂದೆ ಕೋರ್ಟಿನಲ್ಲಿ ಆ ಒಂದು ಸಾಲು ತುಂಬ ಕೆಲಸಕ್ಕೆ ಬಂತು.

ಇಲ್ಲಿಂದ ಮುಂದಿನದನ್ನು ಬಿಡಿಸಿ ಹೇಳಬೇಕು. ನಮ್ಮ ಹೆಣ್ಣುಮಕ್ಕಳು ನಿಂತುಬಿಡುವುದು ಇಲ್ಲಿಯೇ.

ಅಂಗನವಾಡಿಯವರಿಗೆ ಸಿಡಿಪಿಓ ಅಂದರೆ ಮೇಲಿನ ಸಾಹೇಬರು. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಬಂದರೆ ತೂಕದ ರಿಜಿಸ್ಟರ್ ನೋಡುತ್ತಾರೆ, ಮೊಟ್ಟೆ ಎಣಿಸುತ್ತಾರೆ. ಆದರೆ ಕರ್ನಾಟಕದಲ್ಲಿ ಅದೇ ಸಿಡಿಪಿಓಗೆ ಇನ್ನೊಂದು ಹುದ್ದೆಯೂ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ ಪ್ರಕಾರ ಅವರು ಸಂರಕ್ಷಣಾಧಿಕಾರಿ. ಆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅಂದಿನಿಂದ ಏಟು ತಿಂದವಳು ಠಾಣೆಗೇ ಹೋಗಬೇಕೆಂದಿಲ್ಲ. ತಾಲ್ಲೂಕಿನ ಸಿಡಿಪಿಓ ಕಚೇರಿಯಲ್ಲಿ ಕೂತು ನಡೆದದ್ದನ್ನು ಹೇಳಬಹುದು. ಅವರು ಅದನ್ನು ಕೌಟುಂಬಿಕ ಘಟನಾ ವರದಿ ಎಂಬ ನಮೂನೆಯಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು, ಅರ್ಜಿ ಬರೆಯಲು ನೆರವಾಗಬೇಕು, ವಕೀಲರು ಸಿಗುವಂತೆ ನೋಡಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರಿಗೆ ಹೆಂಗಸರು ಫೀಸು ಕೊಡಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆದಾಯ ಎಷ್ಟೇ ಇರಲಿ ಹೆಣ್ಣಿಗೆ ಆ ಹಕ್ಕು ಕೊಟ್ಟಿದೆ.

ಅರ್ಜಿ ಎಲ್ಲಿ ಕೊಡಬೇಕು ಅನ್ನುವುದೇ ಮೊದಲ ತಕರಾರು. ಮದುವೆ ಗೌರಿಬಿದನೂರಿನ ಕಡೆ ಆಗಿತ್ತು, ಸಂಸಾರ ಶಿಡ್ಲಘಟ್ಟದ್ದು, ಈಗ ಇರುವುದು ಚಿಂತಾಮಣಿಯಲ್ಲಿ. "ಗಂಡನ ಊರಿನ ಕೋರ್ಟಿಗೇ ಹೋಗಬೇಕು, ಅಲ್ಲಿ ಅವನಿಗೆ ಎಲ್ಲರೂ ಗೊತ್ತು" ಎಂದು ಅವರಿವರು ಹೆದರಿಸಿದರು. ಸಮಿತಿಯಿಂದ ಸಿಕ್ಕ ವಕೀಲಮ್ಮ ಹೇಳಿದ್ದು ಬೇರೆ. ಹೆಣ್ಣು ಎಲ್ಲಿ ಖಾಯಂ ಇದ್ದಾಳೋ, ಎಲ್ಲಿ ತಾತ್ಕಾಲಿಕವಾಗಿ ತಂಗಿದ್ದಾಳೋ, ಎಲ್ಲಿ ದುಡಿಯುತ್ತಾಳೋ, ಗಂಡ ಎಲ್ಲಿದ್ದಾನೋ, ಹಿಂಸೆ ಎಲ್ಲಿ ನಡೆಯಿತೋ, ಈ ಯಾವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೂ ಅರ್ಜಿ ಹಾಕಬಹುದು. ಅಕ್ಕನ ಮನೆಯಲ್ಲಿ ಆಸರೆ ಪಡೆದಿದ್ದವಳಿಗೆ ಚಿಂತಾಮಣಿಯೇ ಸಾಕಿತ್ತು.

ಅವಳ ಎರಡನೆಯ ಭಯ ಇನ್ನೂ ದೊಡ್ಡದು. "ಅವರನ್ನ ಜೈಲಿಗೆ ಹಾಕ್ತಾರಾ ಮೇಡಂ? ಹಾಗಿದ್ರೆ ನಂಗೆ ಕೇಸು ಬೇಡ."

ವಕೀಲಮ್ಮ ಪೆನ್ನು ಕೆಳಗಿಟ್ಟರು. "ನೋಡಮ್ಮ, ಈ ಅರ್ಜಿ ಕೊಟ್ಟ ಮಾತ್ರಕ್ಕೆ ಯಾರನ್ನೂ ಹಿಡಿಯಲ್ಲ. ಹೊಡೆದದ್ದಕ್ಕೆ ಶಿಕ್ಷೆ ಕೊಡಿಸಬೇಕು ಅಂತಿದ್ರೆ ಅದಕ್ಕೆ ಪೊಲೀಸ್ ಕಂಪ್ಲೇಂಟ್ ಬೇರೆ ಇದೆ, ಅದೂ ನಿನ್ನ ಹಕ್ಕೇ. ಇಲ್ಲಿ ನಾವು ಕೇಳ್ತಿರೋದು, ಇನ್ನು ಮೇಲೆ ಹೊಡೀಬೇಡ ಅಂತ ಕೋರ್ಟು ಅವನಿಗೆ ಹೇಳಲಿ ಅಂತ. ಅದನ್ನ ಮೀರಿದ ದಿನ ಮಾತ್ರ ಜೈಲಿನ ಮಾತು."

ಆ ಮಾತು ಕೇಳಿದ ಮೇಲೆಯೇ ಅವಳು ಸಹಿ ಹಾಕಿದ್ದು.

ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಇಡಬೇಕು, ಅಲ್ಲಿಂದ 60 ದಿನದೊಳಗೆ ತೀರ್ಮಾನ ಮಾಡಲು ಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ದೇಶದ ಎಷ್ಟೋ ಕಡೆ ಅದು ತಿಂಗಳುಗಟ್ಟಲೆ ಎಳೆಯುತ್ತದೆ. ಅದಕ್ಕಾಗಿಯೇ 23ನೆಯ ಸೆಕ್ಷನ್ ಇದೆ: ಕೊನೆಯ ತೀರ್ಪಿಗೆ ಕಾಯದೆ, ಅವಳ ಪ್ರಮಾಣಪತ್ರವನ್ನು ನೋಡಿ, ಅಗತ್ಯ ಬಿದ್ದರೆ ಗಂಡ ಹಾಜರಾಗುವ ಮೊದಲೇ, ಮ್ಯಾಜಿಸ್ಟ್ರೇಟರು ಮಧ್ಯಂತರ ಆದೇಶ ಕೊಡಬಹುದು. ಅವಳಿಗೆ ಸಿಕ್ಕಿದ್ದು ಅದು. ಆದೇಶದ ಪ್ರತಿಯನ್ನು ಕೋರ್ಟು ಅವಳಿಗೆ ಪುಕ್ಕಟೆಯಾಗಿ ಕೊಡಬೇಕು, ಠಾಣೆಗೂ ಒಂದು ಪ್ರತಿ ಹೋಗಬೇಕು. ಹೋಯಿತು. ಸಂರಕ್ಷಣಾಧಿಕಾರಿ ಮತ್ತು ಪೊಲೀಸರ ಜೊತೆ ಅವಳು ಮಗುವನ್ನೆತ್ತಿಕೊಂಡು ನಮ್ಮ ಹಳ್ಳಿಗೆ ವಾಪಸ್ ಬಂದಳು.

ಆಗ ಚಳಿ ಇಳಿದಿತ್ತು. ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿ ಮಾರ್ಗಶಿರದಲ್ಲಿ ಮೂಳೆಗೆ ತಾಗುತ್ತದೆ. ನಮ್ಮ ಬಚ್ಚಲ ಒಲೆಗೆ, ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಹಾಕಿ ಚಳಿ ಕಾಯಿಸುತ್ತ ಕೂತಿದ್ದೆವು. ಅವಳು ಬಂದಳು. ಹಿಂದೆಯೇ, ನಾನು ನೆನೆಸದ ಇನ್ನೊಬ್ಬರು ಬಂದರು. ಅವಳ ಅತ್ತೆ. ಅಕ್ಕಪಕ್ಕದ ನಾಲ್ಕಾರು ಹೆಂಗಸರೂ ಸೇರಿದರು. ಊರಲ್ಲಿ ಆಗಲೇ ಮಾತು ಹಬ್ಬಿತ್ತು: ಸೊಸೆ ಕೋರ್ಟಿಂದ ಮನೆ ಬರೆಸಿಕೊಂಡು ಬಂದಿದ್ದಾಳೆ, ಅತ್ತೆ ಮಾವನನ್ನು ಆಚೆ ಹಾಕುತ್ತಾಳೆ.

"ಓದಿ ಟೀಚರಕ್ಕ, ಎಲ್ಲರೂ ಕೇಳಲಿ" ಎಂದು ಅವಳು ಆ ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು. ಒಲೆಯ ಬೆಳಕಿಗೆ ಹಿಡಿದು ಒಂದೊಂದೇ ಸಾಲು ಓದಿದೆ. ವಕೀಲಮ್ಮ ಚಿಂತಾಮಣಿಯಲ್ಲಿ ನನಗೆ ಬಿಡಿಸಿ ಹೇಳಿದ್ದರು. ಅದನ್ನೇ ಅವರಿಗೆ ಬಿಡಿಸಿ ಹೇಳಿದೆ.

ಮೊದಲನೆಯದು ರಕ್ಷಣೆಯ ಆದೇಶ. ಪ್ರತಿವಾದಿ, ಅಂದರೆ ಗಂಡ, ಅವಳಿಗೆ ಹೊಡೆಯಬಾರದು, ಬೈಯಬಾರದು, ಬೆದರಿಸಬಾರದು. ಬೇರೆಯವರ ಕೈಲಿ ಮಾಡಿಸಬಾರದು. ಅವಳು ಕೆಲಸ ಮಾಡುವ ಫಿಲೇಚರ್ ಹತ್ತಿರ, ಮಗುವಿನ ಅಂಗನವಾಡಿ ಹತ್ತಿರ ಸುಳಿಯಬಾರದು. ಫೋನು, ಮೆಸೇಜು, ಯಾವುದರಲ್ಲೂ ಅವಳನ್ನು ಸಂಪರ್ಕಿಸಬಾರದು. ಅವಳಿಗೆ ನೆರವಾದವರ ಮೇಲೆ, ಅವಳ ನೆಂಟರ ಮೇಲೆ ಕೈಮಾಡಬಾರದು. ಅವಳ ಒಡವೆಯನ್ನು ಮಾರಬಾರದು, ಅಡ ಇಡಬಾರದು.

"ಕೈ ಮಾಡೋದಷ್ಟೇ ಅಲ್ಲ, ಬೈಯೋದೂ ಬರತ್ತಾ?" ಎಂದಳು ಒಬ್ಬಳು.

ಬರುತ್ತದೆ. ಕಾಯ್ದೆಯ 3ನೆಯ ಸೆಕ್ಷನ್ ದೇಹದ ಹಿಂಸೆ, ಲೈಂಗಿಕ ಹಿಂಸೆ, ಮಾತಿನ ಮತ್ತು ಮನಸ್ಸಿನ ಹಿಂಸೆ, ಹಣದ ಹಿಂಸೆ ನಾಲ್ಕನ್ನೂ ಹೇಳುತ್ತದೆ. ಗೂಡಿನ ದುಡ್ಡು ಕಿತ್ತುಕೊಳ್ಳುವುದು, ಬಟವಾಡೆ ಕಸಿಯುವುದು, ಮನೆಯಲ್ಲಿ ಅಕ್ಕಿ ತರದೆ ಇರುವುದು ಕೂಡ ಹಿಂಸೆಯೇ. ಹಾಗೆ ಹೇಳಿದಾಗ ಒಲೆಯ ಮುಂದೆ ಯಾರೂ ಮಾತಾಡಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಲೆಕ್ಕ ಹಾಕುತ್ತಿದ್ದರು ಅನ್ನಿಸಿತು. 2019–20ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಕಂಡಿದ್ದೇವೆ ಎಂದಿದ್ದರು. ದೇಶದ ರಾಜ್ಯಗಳಲ್ಲೇ ಅದು ಅತಿ ಹೆಚ್ಚು. ನಮ್ಮ ಒಲೆಯ ಮುಂದೆ ಕೂತವರೂ ಆ ಲೆಕ್ಕದ ಹೊರಗಿನವರಲ್ಲ.

ಎರಡನೆಯದು ವಾಸದ ಆದೇಶ. ಅವಳು ಆ ಮನೆಯಲ್ಲಿ ಇರುವುದನ್ನು ಯಾರೂ ತಡೆಯಬಾರದು. ಮುಂದಿನ ಆದೇಶದವರೆಗೆ ಗಂಡ ಮನೆಯಿಂದ ಆಚೆ ಇರಬೇಕು.

ಇಲ್ಲಿ ಅತ್ತೆ ಬಾಯಿ ತೆರೆದರು. "ಮನೆ ನಮ್ಮ ಯಜಮಾನರ ಹೆಸರಲ್ಲಿದೆ. ಅದು ಹೆಂಗೆ ಇವಳದಾಗತ್ತೆ?"

ಊರಿಗೇ ಇದ್ದ ಪ್ರಶ್ನೆ ಅದು. ಮನೆ ಅವಳದಾಗಿಲ್ಲ. ಖಾತೆ ಮಾವನ ಹೆಸರಲ್ಲೇ ಇದೆ, ಇರುತ್ತದೆ. ಕೋರ್ಟು ಕೊಟ್ಟದ್ದು ಒಡೆತನವನ್ನಲ್ಲ, ಇರುವ ಹಕ್ಕನ್ನು. ಹಿಂದೆ, 2006ರ ಕೊನೆಯಲ್ಲಿ, ಅತ್ತೆ ಮಾವನ ಹೆಸರಿನ ಮನೆಯಲ್ಲಿ ಸೊಸೆಗೆ ಈ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ತೀರ್ಪೊಂದಿತ್ತು. 2020ರ ಅಕ್ಟೋಬರ್ 15ರಂದು, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ, ಅದೇ ಕೋರ್ಟು ಆ ತೀರ್ಪು ಸರಿಯಲ್ಲ ಎಂದಿತು. ಗಂಡನ ಜೊತೆ ಸಂಸಾರ ಹೂಡಿ ನೆಲೆಯಾಗಿ ಬಾಳಿದ ಮನೆ ಯಾರ ಹೆಸರಲ್ಲೇ ಇರಲಿ, ಅಲ್ಲಿ ಅವಳು ಇರಬಹುದು. ಅವಳನ್ನು ಬಿಡಿಸಬೇಕಾದರೆ ಕಾನೂನಿನ ದಾರಿಯಲ್ಲೇ ಹೋಗಬೇಕು. ರಾತ್ರೋರಾತ್ರಿ ಕತ್ತು ಹಿಡಿದು ದೂಡುವ ಹಾಗಿಲ್ಲ. ಹಾಗೆಯೇ ಇನ್ನೊಂದು: ಮನೆಯಿಂದ ಆಚೆ ಹೋಗು ಎಂದು ಈ ಕಾಯ್ದೆಯಡಿ ಯಾವ ಹೆಂಗಸಿಗೂ ಕೋರ್ಟು ಹೇಳುವಂತಿಲ್ಲ. ಆ ಮಾತು 19ನೆಯ ಸೆಕ್ಷನ್‌ನಲ್ಲೇ ಇದೆ. ಅತ್ತೆಯನ್ನು ಯಾರೂ ಆಚೆ ಹಾಕಲಾರರು.

ಅತ್ತೆ ಉಸಿರು ಬಿಟ್ಟರು. ಸೊಸೆಯ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡರು.

ಮೂರನೆಯದು ಹಣ. ಅವಳಿಗೂ ಮಗುವಿಗೂ ತಿಂಗಳ ಖರ್ಚು, ಆಸ್ಪತ್ರೆಯ ಖರ್ಚು. ನಾಲ್ಕನೆಯದು ಮಗು ಸದ್ಯಕ್ಕೆ ತಾಯಿಯ ಹತ್ತಿರವೇ ಇರಲಿ ಎಂಬುದು. ಕೊನೆಯಲ್ಲಿ ಠಾಣೆಯವರು ರಕ್ಷಣೆ ಕೊಡಬೇಕು ಎಂದಿತ್ತು. ಅದರ ಕೆಳಗೆ ಮ್ಯಾಜಿಸ್ಟ್ರೇಟರ ಸಹಿ, ಕೋರ್ಟಿನ ಮೊಹರು.

ಓದಿ ಮುಗಿಸಿದ ಮೇಲೆ, ವಕೀಲಮ್ಮ ಒತ್ತಿ ಹೇಳಿದ್ದನ್ನು ನಾನೂ ಒತ್ತಿ ಹೇಳಿದೆ. ಇದರಲ್ಲಿ ರಕ್ಷಣೆಯ ಆದೇಶವನ್ನು ಮೀರುವುದೇ ಒಂದು ಅಪರಾಧ. ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಆ ಹೆಂಗಸೊಬ್ಬಳ ಸಾಕ್ಷಿಯನ್ನೇ ನಂಬಿ ಕೋರ್ಟು ತೀರ್ಮಾನ ಮಾಡಬಹುದು. ತಿಂಗಳ ಖರ್ಚು ಕೊಡದಿದ್ದರೆ ದಾರಿ ಬೇರೆ: ಅದೇ ಕೋರ್ಟಿಗೆ ವಸೂಲಿಯ ಅರ್ಜಿ ಹಾಕಬೇಕು. ಗಂಡ ನೌಕರಿಯಲ್ಲಿದ್ದರೆ ಸಂಬಳ ಕೊಡುವವರೇ ನೇರ ಕಟ್ಟುವಂತೆ ಹೇಳಿಸಬಹುದು. ಎರಡನ್ನೂ ಕಲಸಿಕೊಳ್ಳಬಾರದು.

"ಪ್ರತಿ ಮಾಡಿಸಿ ಇಟ್ಕೋ" ಎಂದೆ. "ಒಂದು ಅಕ್ಕನ ಮನೇಲಿ, ಒಂದು ತವರಲ್ಲಿ, ಒಂದು ನನ್ನ ಹತ್ತಿರ. ಫೋನಲ್ಲೂ ಫೋಟೋ ತೆಗೆದಿಡು."

ತವರಿಗೆ ಕೊಟ್ಟ ಆ ಪ್ರತಿಯೇ ಯುಗಾದಿಯಲ್ಲಿ ಅವಳನ್ನು ಕಾಪಾಡಿತು. ಹಬ್ಬಕ್ಕೆ ಹೋಗಿದ್ದಳು. ಗಂಡ ಕುಡಿದು ಅಲ್ಲಿಗೇ ಬಂದ. ಅಡ್ಡ ನಿಂತ ಅವಳ ತಮ್ಮನ ಮುಖಕ್ಕೆ ಗುದ್ದಿದ. ಊರಿನ ಹಿರಿಯರೊಬ್ಬರು ಎಂದಿನಂತೆ ಕೂರಿಸಿ ಮಾತಾಡಲು ಹೊರಟರು. ಅವಳು ಆರ್ಡರ್ ತೋರಿಸಿದಳು. "ಇದು ಚಿಂತಾಮಣಿ ಕೋರ್ಟಿಂದಮ್ಮ. ಗೌರಿಬಿದನೂರಲ್ಲಿ ಹೆಂಗೆ ನಡೆಯತ್ತೆ?" ಎಂದರು ಅವರು.

ಒಲೆಯ ಮುಂದೆ ಓದಿಸಿಕೊಂಡವಳು ಅವಳು. ಉತ್ತರ ಅವಳ ನಾಲಿಗೆಯ ಮೇಲಿತ್ತು. "ಇಡೀ ಇಂಡಿಯಾದಲ್ಲಿ ನಡೆಯತ್ತೆ ತಾತ. 27ನೇ ಸೆಕ್ಷನ್. ನೆಂಟರಿಗೆ ಹೊಡೀಬಾರದು ಅಂತಲೂ ಇದರಲ್ಲೇ ಬರೆದಿದೆ, ನೋಡಿ." 112ಕ್ಕೆ ಫೋನ್ ಮಾಡಿದವರು ಅವಳ ಅಪ್ಪ. ಹೊಂದಿಕೊಂಡು ಹೋಗು ಎಂದಿದ್ದ ಅದೇ ಅಪ್ಪ. ಬಂದ ಪೊಲೀಸರು ಆ ಹಾಳೆಯನ್ನು ನಿಂತಲ್ಲೇ ಓದಿದರು, ಅವನನ್ನು ಜೀಪಿಗೆ ಹತ್ತಿಸಿದರು. ಆ ರಾತ್ರಿಯ ನಂತರ ಅವನು ಅವಳ ಮೇಲೆ ಕೈ ಎತ್ತಲಿಲ್ಲ.

ಕೊನೆಯ ಆದೇಶ ಬಂತು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ರಕ್ಷಣೆಯ ಆದೇಶಕ್ಕೆ ವರ್ಷ, ತಿಂಗಳ ಗಡುವಿಲ್ಲ. ಅವಳು ಸಾಕು ಎಂದು ಅರ್ಜಿ ಕೊಡುವವರೆಗೆ ಅದು ಜೀವಂತ. ಗಂಡನಿಗೂ ದಾರಿ ಉಂಟು: 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋಗಬಹುದು. ಮುಂದೆ ಪರಿಸ್ಥಿತಿ ಬದಲಾದರೆ ಆದೇಶ ಬದಲಿಸಿ ಎಂದು ಮ್ಯಾಜಿಸ್ಟ್ರೇಟರನ್ನೇ ಕೇಳಬಹುದು. ಆದರೆ ಹಾಗೆ ಬದಲಿಸಲು ಆದೇಶವಾದ ಮೇಲೆ ಏನಾದರೂ ಬದಲಾಗಿರಬೇಕು, ಹಳೆಯ ತಕರಾರನ್ನೇ ಮತ್ತೆ ಕೆದಕುವಂತಿಲ್ಲ ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಹೆಣ್ಣುಮಗಳೊಬ್ಬಳ ಪ್ರಕರಣ.

ನನಗೆ ಇಂದಿಗೂ ಹೆಚ್ಚು ನೆನಪಾಗುವುದು ಅತ್ತೆಯ ಮಾತು. ಯುಗಾದಿ ಕಳೆದ ಮೇಲೆ ಒಂದು ದಿನ ಅಂಗನವಾಡಿಗೆ ಬಂದು, ಮಕ್ಕಳೆಲ್ಲ ಹೋಗುವವರೆಗೆ ಕಾದು, ತಲೆ ಎತ್ತದೆ ಕೇಳಿದರು: "ಟೀಚರಮ್ಮ, ಅವನು ನಂಗೂ ಹೊಡೀತಾನೆ. ಪಿಂಚಣಿ ದುಡ್ಡು ಕಿತ್ಕೋತಾನೆ. ಹೆತ್ತ ಮಗನ ಮೇಲೆ ನಂಗೂ ಇಂಥ ಆರ್ಡರ್ ಕೊಡ್ತಾರಾ?"

ಕೊಡುತ್ತಾರೆ. ಈ ಕಾಯ್ದೆ ಹೆಂಡತಿಗೆ ಮಾತ್ರ ಇರುವುದಲ್ಲ. ತಾಯಿ, ಮಗಳು, ಅಕ್ಕ, ತಂಗಿ, ವಿಧವೆ ಅತ್ತಿಗೆ, ಮದುವೆಯಾಗದೆ ಗಂಡಹೆಂಡಿರಂತೆ ಬಾಳಿದವಳು, ಒಂದೇ ಸೂರಿನಡಿ ಬಾಳಿದ ಇವರೆಲ್ಲರಿಗೂ ಇದೆ. ಹಿರಿಯರಿಗೆ 2007ರ ಪಾಲಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಇನ್ನೊಂದು ದಾರಿಯೂ ಇದೆ. ಅತ್ತೆಯನ್ನು ಸಿಡಿಪಿಓ ಕಚೇರಿಗೆ ಕರೆದುಕೊಂಡು ಹೋದವಳು ನಾನಲ್ಲ, ಅವರ ಸೊಸೆ.

ಇಷ್ಟು ವರ್ಷದಲ್ಲಿ ಆರ್ಡರ್ ಕೈಯಲ್ಲಿದ್ದೂ ಏಟು ತಿಂದವರನ್ನು ನೋಡಿದ್ದೇನೆ. ಹಾಳೆಯನ್ನು ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಇಟ್ಟಿದ್ದರು. ಅದರಲ್ಲಿ ಏನಿದೆ ಎಂದು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಮೀರಿದರೆ ಜೈಲು ಎಂಬುದು ಅವರಿಗೂ ಗೊತ್ತಿರಲಿಲ್ಲ, ಹೊಡೆಯುವವನಿಗೂ ಗೊತ್ತಿರಲಿಲ್ಲ, ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಅರ್ಥವಾದ ಆದೇಶ ಮಾತ್ರ ಕಾಯುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ, ಈ ಕಾಯ್ದೆಯನ್ನು ಜನರಿಗೆ ತಿಳಿಸಿ ಎಂದು ಹೇಳಿದೆ. ಜನರಿಗೆ ತಿಳಿಸುವ ಕೆಲಸ ಸರ್ಕಾರದ್ದು ಮಾತ್ರ ಅಲ್ಲ. ಓದು ಬರುವ ಪ್ರತಿಯೊಬ್ಬರದ್ದೂ ಹೌದು.

ಅದಕ್ಕೇ ಈ ಮಾತು. ನಿಮ್ಮ ಬೀದಿಯಲ್ಲಿ ಇಂಥ ಹೆಣ್ಣುಮಗಳಿದ್ದರೆ, ಹೊಂದಿಕೊಂಡು ಹೋಗು ಎನ್ನಬೇಡಿ. ಮಹಿಳಾ ಸಹಾಯವಾಣಿ 181 ಎಂದು ಹೇಳಿ. ಅಪಾಯದ ಹೊತ್ತಿಗೆ 112 ಎಂದು ಹೇಳಿ. ಸಿಡಿಪಿಓ ಕಚೇರಿಗೋ, ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೋ ಜೊತೆಗೆ ಹೋಗಿ. ಆಸ್ಪತ್ರೆಯಲ್ಲಿ ನಿಜ ಹೇಳಲು ಧೈರ್ಯ ಕೊಡಿ. ಆರ್ಡರ್ ಬಂದ ದಿನ ಅವಳ ಪಕ್ಕದಲ್ಲಿ ಕೂತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ.